ಮೀನು ತೊಟ್ಟಿಯಷ್ಟೇ ಬೆಳೆಯುತ್ತದೆಯೇ? ಮನೆಗೆ ಬೇಟೆ ಮೀನು ತರುವ ಮುನ್ನ ಇದನ್ನು ಓದಿ

ಈ ಬಗೆಯ ವಿಡಿಯೊ ನಿಮ್ಮ ವಾಟ್ಸ್ಆ್ಯಪ್ ಗುಂಪಿಗೂ ಬಂದಿರಬಹುದು. ಗಾಜಿನ ತೊಟ್ಟಿಯಲ್ಲಿ ಕಪ್ಪು-ಕಿತ್ತಳೆ ಬಣ್ಣದ ದಪ್ಪ ಮೀನೊಂದು ಅಲ್ಲಾಡದೆ ನಿಂತಿದೆ. ಮೇಲಿನಿಂದ ಯಾರೋ ಒಂದು ಗೋಲ್ಡ್‌ಫಿಶ್ ಬಿಡುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಗೋಲ್ಡ್‌ಫಿಶ್ ಮಾಯ. ಕೆಳಗೆ ಒಂದು ಸಾಲು: "ಇದನ್ನು ಮನೆಯಲ್ಲೇ ಸಾಕಬಹುದು. ಟ್ಯಾಂಕ್ ಚಿಕ್ಕದಿದ್ದರೆ ಮೀನೂ ಚಿಕ್ಕದಾಗಿಯೇ ಉಳಿಯುತ್ತದೆ, ಚಿಂತೆ ಬೇಡ."

ವಿಡಿಯೊ ನಿಜವೇ ಇರಬಹುದು. ಕೆಳಗಿನ ಸಾಲು ಮಾತ್ರ ಸುಳ್ಳು. ಬೇಟೆ ಮೀನು ಸಾಕುವವರ ಮನೆಯಲ್ಲಿ ಆಗುವ ಬಹುಪಾಲು ಎಡವಟ್ಟುಗಳಿಗೆ ಆ ಒಂದು ಸಾಲೇ ಮೂಲ. ಅಂಗಡಿಯಲ್ಲಿ ಎರಡಿಂಚಿನ ಮರಿ ನೋಡಿ ಆಸೆಪಟ್ಟು ತರುತ್ತೇವೆ. ವರ್ಷ ಕಳೆಯುವಷ್ಟರಲ್ಲಿ ಅದು ತೊಟ್ಟಿಯಲ್ಲಿ ತಿರುಗಲಾರದಷ್ಟು ಬೆಳೆದಿರುತ್ತದೆ. ಆಮೇಲೆ ಒಂದೋ ಸಾಯುತ್ತದೆ, ಇಲ್ಲವೇ ಯಾವುದೋ ಕೆರೆ ಸೇರುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು. ಅದು ಯಾಕೆ ಎಂಬುದಕ್ಕೆ ಮುಂದೆ ಬರೋಣ.

ತೊಟ್ಟಿಯಷ್ಟೇ ಬೆಳೆಯುತ್ತದೆ ಎಂಬುದು ಎಲ್ಲಿಂದ ಬಂತು?

ಈ ನಂಬಿಕೆ ಹುಟ್ಟಲು ಕಾರಣವಿದೆ. ಚಿಕ್ಕ ತೊಟ್ಟಿಯಲ್ಲಿಟ್ಟ ಮೀನುಗಳು ನಿಜಕ್ಕೂ ಕಡಿಮೆ ಬೆಳೆಯುವುದುಂಟು. ಆದರೆ ಅದು ಮೀನಿನ ಜಾಣತನವಲ್ಲ, ಹೊಂದಾಣಿಕೆಯೂ ಅಲ್ಲ. ಮೀನಿನ ಕಿವಿರು ಮತ್ತು ಮಲದಿಂದ ಅಮೋನಿಯಾ ನೀರಿಗೆ ಸೇರುತ್ತಲೇ ಇರುತ್ತದೆ. ನೀರು ಕಡಿಮೆ ಇದ್ದಷ್ಟೂ ಅದು ಬೇಗ ದಟ್ಟವಾಗುತ್ತದೆ. ಆ ನೀರಿನಲ್ಲೇ ಉಸಿರಾಡುವ ಮೀನಿಗೆ ಕಿವಿರು ಸುಡುತ್ತದೆ, ಹಸಿವು ಕುಂದುತ್ತದೆ, ಬೆನ್ನು ಡೊಂಕಾಗಬಹುದು, ಆಯಸ್ಸು ಕಡಿಮೆಯಾಗುತ್ತದೆ. ಊಟ ಸಿಗದೆ ಕುಳ್ಳಗುಳಿದ ಮಗುವನ್ನು ನೋಡಿ "ಚಿಕ್ಕ ಮನೆಗೆ ಹೊಂದಿಕೊಂಡಿದೆ" ಎಂದು ಯಾರೂ ಹೇಳುವುದಿಲ್ಲ. ಮೀನಿನ ವಿಷಯದಲ್ಲಿ ಮಾತ್ರ ಹೇಳುತ್ತೇವೆ.

ಇದಕ್ಕೆ ಉತ್ತರವಾಗಿ ಇನ್ನೊಂದು ಫಾರ್ವರ್ಡ್ ಕೂಡ ಓಡಾಡುತ್ತದೆ: ಮೀನಿನ ಮೈ ಬೆಳೆಯುವುದು ನಿಂತರೂ ಒಳಗಿನ ಅಂಗಗಳು ಬೆಳೆಯುತ್ತಲೇ ಹೋಗಿ ಕೊನೆಗೆ ಒಡೆಯುತ್ತವಂತೆ. ಕೇಳಲು ಭಯಂಕರವಾಗಿದೆ, ಆದರೆ ಇದಕ್ಕೂ ಗಟ್ಟಿಯಾದ ಪುರಾವೆ ಇಲ್ಲ. ಒಂದು ಸುಳ್ಳನ್ನು ತಿದ್ದಲು ಇನ್ನೊಂದು ಬೇಡ. ಕೆಟ್ಟ ನೀರು ಎಂಬ ಸರಳ ಕಾರಣವೇ ಸಾಕು.

ಇಲ್ಲೊಂದು ಲೆಕ್ಕ ನೋಡಿ. 5 ಸೆಂಟಿಮೀಟರ್ ಉದ್ದದ ಮರಿ 30 ಸೆಂಟಿಮೀಟರ್ ಆದರೆ ಉದ್ದ ಆರು ಪಟ್ಟು ಹೆಚ್ಚಾಯಿತು, ಅಷ್ಟೇ ತಾನೇ ಅನಿಸುತ್ತದೆ. ಆದರೆ ಮೀನು ಉದ್ದಕ್ಕೆ ಮಾತ್ರ ಬೆಳೆಯುವುದಿಲ್ಲ. ಎತ್ತರ, ದಪ್ಪ ಎರಡೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತವೆ. 6 × 6 × 6, ಅಂದರೆ ತೂಕ ಸುಮಾರು 216 ಪಟ್ಟು. ತಿನ್ನುವುದು, ಹೊರಹಾಕುವುದು, ಉಸಿರಿಗೆ ಬೇಕಾದ ಆಮ್ಲಜನಕ ಎಲ್ಲವೂ ಅದಕ್ಕೆ ತಕ್ಕಂತೆ ಹೆಚ್ಚುತ್ತವೆ. ನೀವು ತಂದ ದಿನ ಹೊಳೆಯುತ್ತಿದ್ದ ನೀರು ಎಂಟು ತಿಂಗಳ ಬಳಿಕ ಎರಡು ದಿನಕ್ಕೇ ನಾರುವುದು ಈ ಕಾರಣಕ್ಕೆ.

ಹಾಗಾಗಿ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ "ಇದರ ಬೆಲೆ ಎಷ್ಟು?" ಅಲ್ಲ, "ಇದು ದೊಡ್ಡದಾದಾಗ ಎಷ್ಟುದ್ದ ಇರುತ್ತದೆ?" ಎಂಬುದು. ಉತ್ತರ ಕೇಳಿದ ಮೇಲೂ ಮೀನಿನ ಹೆಸರನ್ನು ಫೋನಿನಲ್ಲಿ ಟೈಪ್ ಮಾಡಿ ನೀವೇ ಒಮ್ಮೆ ನೋಡಿಕೊಳ್ಳಿ. ಮಾರುವವರು ಎಲ್ಲರೂ ಸುಳ್ಳು ಹೇಳುತ್ತಾರೆಂದಲ್ಲ. ಎಷ್ಟೋ ಅಂಗಡಿಯವರು ಆ ಮೀನನ್ನು ಮರಿಯಾಗಿ ಮಾತ್ರ ನೋಡಿರುತ್ತಾರೆ.

ಬೇಡವೇ ಬೇಡ ಎನ್ನಬೇಕಾದ ಮರಿಗಳು

ಅಂಗಡಿಯಲ್ಲಿ ಬೆರಳುದ್ದ ಕಾಣುವ, ಮನೆಗೆ ಎಂದೂ ಹೊಂದದ ಕೆಲವು ಮೀನುಗಳಿವೆ.

ಮೊದಲನೆಯದು ಅಲಿಗೇಟರ್ ಗಾರ್. ಉದ್ದ ಮೂತಿ, ಹಲ್ಲು, ಮೊಸಳೆ ಮುಖ. "ಮೊಸಳೆ ಮೀನು" ಎಂದೇ ಮಾರುತ್ತಾರೆ. ಇದರ ತವರು ಅಮೆರಿಕದ ಮಿಸಿಸಿಪ್ಪಿ ನದಿ ಮತ್ತು ಅದರ ಸುತ್ತಲಿನ ದಕ್ಷಿಣ ಭಾಗ. ಎರಡು ಮೀಟರ್ ಮೀರಿ ಬೆಳೆಯುತ್ತದೆ, ಹಲವು ದಶಕ ಬದುಕುತ್ತದೆ. ಅಂದರೆ ನಿಮ್ಮ ಮಗ ತಂದ ಮರಿಯನ್ನು ಅವನ ಮಗ ನೋಡಿಕೊಳ್ಳಬೇಕಾದೀತು.

ಕೆಂಪು ಬಾಲದ ಕ್ಯಾಟ್‌ಫಿಶ್ ಅಮೆಜಾನ್‌ನದು. ಕಪ್ಪು ಬೆನ್ನು, ಬಿಳಿ ಪಟ್ಟೆ, ಕೆಂಪು ಬಾಲ, ಮರಿಯಾಗಿದ್ದಾಗ ಗೊಂಬೆಯಂತಿರುತ್ತದೆ. ಒಂದು ಮೀಟರ್ ದಾಟುವ ಈ ಮೀನಿಗೆ ಮನೆಯೊಳಗಿನ ತೊಟ್ಟಿ ಸಾಲದು, ಕೊಳವೇ ಬೇಕು. ಬಾಯಿಗೆ ಹಿಡಿದದ್ದನ್ನೆಲ್ಲ, ಕೆಲವೊಮ್ಮೆ ತೊಟ್ಟಿಯ ತಳದ ಕಲ್ಲನ್ನೂ ನುಂಗುತ್ತದೆ.

ಇನ್ನು ಪ್ರತಿ ಅಂಗಡಿಯಲ್ಲೂ ಇರುವ "ಶಾರ್ಕ್". ಬೂದು-ಬೆಳ್ಳಿ ಬಣ್ಣ, ಬೆನ್ನ ಮೇಲೆ ತ್ರಿಕೋನದ ರೆಕ್ಕೆ, ಗಾಜಿನುದ್ದಕ್ಕೂ ಅತ್ತಿತ್ತ ಓಡಾಟ. ಇದು ಶಾರ್ಕ್ ಅಲ್ಲವೇ ಅಲ್ಲ. ಪಂಗಾಸಿಯಸ್ ಎಂಬ ಕ್ಯಾಟ್‌ಫಿಶ್, ಮೆಕಾಂಗ್ ನದಿಯ ಕಡೆಯದು. ಹೋಟೆಲುಗಳಲ್ಲಿ "ಬಾಸಾ ಫಿಲೆಟ್" ಎಂದು ತಿನ್ನುವುದು ಬಹಳ ಸಲ ಇದನ್ನೇ. ಒಂದು ಮೀಟರ್‌ವರೆಗೂ ಬೆಳೆಯುವ, ಹೆದರಿದರೆ ಗಾಜಿಗೆ ತಲೆ ಚಚ್ಚಿಕೊಳ್ಳುವ ಮೀನನ್ನು ಎರಡಡಿ ತೊಟ್ಟಿಗೆ ಜೋಡಿಯಾಗಿ ಕೊಡುತ್ತಾರೆ.

ಪಿರಾನಾ ಎಂದು ಮಾರುವುದರ ಕತೆ ಇನ್ನೂ ಸ್ವಾರಸ್ಯಕರ. ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 1913-14ರಲ್ಲಿ ಬ್ರೆಜಿಲ್ ಕಾಡುಗಳಲ್ಲಿ ಸುತ್ತಾಡಿ 1914ರಲ್ಲಿ ಒಂದು ಪುಸ್ತಕ ಬರೆದರು. ಪಿರಾನಾ ಜಗತ್ತಿನ ಅತಿ ಕ್ರೂರ ಮೀನು ಎಂಬ ಹೆಸರು ಜಗತ್ತಿಗೆಲ್ಲ ಹರಡಿದ್ದರಲ್ಲಿ ಅದರ ಪಾಲು ದೊಡ್ಡದು. ಉಳಿದದ್ದನ್ನು ಸಿನಿಮಾಗಳು ಮಾಡಿದವು. ಕೆಂಪು ಹೊಟ್ಟೆಯ ಪಿರಾನಾ ಗುಂಪು ಕಟ್ಟುವುದು ಮುಖ್ಯವಾಗಿ ತನ್ನನ್ನು ತಿನ್ನುವ ಪ್ರಾಣಿಗಳಿಂದ ಉಳಿದುಕೊಳ್ಳಲು, ಸೇನೆಯಂತೆ ದಾಳಿ ಮಾಡಲು ಅಲ್ಲ ಎಂದು ಅದರ ತವರಿನಲ್ಲೇ ನಡೆದ ಅಧ್ಯಯನಗಳು ತೋರಿಸಿವೆ. ತೊಟ್ಟಿಯಲ್ಲಿ ಅದು ಬಹುತೇಕ ಪುಕ್ಕಲು. ಲೈಟ್ ಹಾಕಿದರೆ ಮೂಲೆ ಸೇರುತ್ತದೆ.

ನಮ್ಮ ಅಂಗಡಿಗಳಲ್ಲಿ "ಪಿರಾನಾ" ಹೆಸರಿನಲ್ಲಿ ಸಿಗುವುದಂತೂ ಸಾಮಾನ್ಯವಾಗಿ ಪಿರಾನಾವೇ ಅಲ್ಲ, ಅದರ ದಾಯಾದಿ ಪಾಕು. ಮರಿಯಾಗಿದ್ದಾಗ ಎರಡಕ್ಕೂ ಕೆಂಪು ಹೊಟ್ಟೆ. ಬಾಯಿ ನೋಡಿದರೆ ಗುಟ್ಟು ಬಯಲಾಗುತ್ತದೆ. ಪಿರಾನಾಕ್ಕೆ ಕೆಳದವಡೆ ಮುಂದೆ ಚಾಚಿ, ಗರಗಸದಂಥ ತ್ರಿಕೋನ ಹಲ್ಲುಗಳಿರುತ್ತವೆ. ಪಾಕುವಿಗೆ ನಮ್ಮ ದವಡೆ ಹಲ್ಲಿನಂಥ ಚಪ್ಪಟೆ ಹಲ್ಲು. ಅಮೆಜಾನ್ ನೀರಿಗೆ ಬೀಳುವ ಹಣ್ಣು, ಕಾಯಿ, ಬೀಜಗಳನ್ನು ಅಗಿಯಲು ಅದು ಬೇಕು. ಇದೇ ಪಾಕು ನಮ್ಮ ಮೀನು ಮಾರುಕಟ್ಟೆಯಲ್ಲಿ "ರೂಪ್‌ಚಂದ್" ಎಂಬ ಹೆಸರಿನಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಅಂದರೆ "ಮನುಷ್ಯರನ್ನು ತಿನ್ನುವ ಮೀನು" ಎಂದು ಹೆಚ್ಚು ಹಣ ಕೊಟ್ಟು ತಂದದ್ದು ಹಣ್ಣು ತಿನ್ನುವ, ಮನುಷ್ಯರೇ ಹುರಿದು ತಿನ್ನುವ ಮೀನು.

ಅದೃಷ್ಟದ ಮೀನು?

ಅರೋವಾನಾ ಮನೆಯಲ್ಲಿದ್ದರೆ ಹಣ ಬರುತ್ತದೆ, ಅದು ಸತ್ತರೆ ಮನೆಯವರಿಗೆ ಬರಬೇಕಿದ್ದ ಕಂಟಕವನ್ನು ತಾನು ಹೊತ್ತುಕೊಂಡಿತು ಎಂಬ ಸಂದೇಶ ನಿಮಗೂ ಬಂದಿರಬಹುದು. ಚೀನಾ, ಆಗ್ನೇಯ ಏಷ್ಯಾದ ಕಡೆ ದೊಡ್ಡ ಹುರುಪೆಗಳ ಈ ಮೀನನ್ನು ಡ್ರ್ಯಾಗನ್‌ಗೆ ಹೋಲಿಸುತ್ತಾರೆ. ಅಲ್ಲಿನ ಫೆಂಗ್ ಶೂಯಿ ನಂಬಿಕೆ ನಮ್ಮಲ್ಲಿಗೆ ಬಂದು ವಾಸ್ತುವಿನ ವೇಷ ಹಾಕಿಕೊಂಡಿದೆ. ನಂಬಿಕೆ ಅವರವರ ಇಷ್ಟ. ಆದರೆ "ಕಂಟಕ ಹೊತ್ತುಕೊಂಡಿತು" ಎಂಬ ವಿವರಣೆಯಿಂದ ಒಂದು ತೊಂದರೆ ಇದೆ: ಮೀನು ಯಾಕೆ ಸತ್ತಿತು ಎಂದು ಯಾರೂ ನೋಡುವುದಿಲ್ಲ. ಕ್ಲೋರಿನ್ ಇರುವ ನಲ್ಲಿ ನೀರನ್ನು ನೇರವಾಗಿ ಸುರಿದಿರಬಹುದು, ಅಮೋನಿಯಾ ಏರಿರಬಹುದು, ರಾತ್ರಿ ಕರೆಂಟ್ ಹೋಗಿ ಏರ್ ಪಂಪ್ ನಿಂತಿರಬಹುದು. ಕಾರಣ ತಿಳಿಯದೆ ಮುಂದಿನ ವಾರ ಇನ್ನೊಂದು "ಅದೃಷ್ಟ" ತಂದು ಅದೇ ನೀರಿಗೆ ಬಿಡುತ್ತಾರೆ.

ಕಾನೂನಿನ ವಿಷಯವೂ ಇದೆ. ಏಷ್ಯಾದ ಅರೋವಾನಾ, ಅಂದರೆ ಚಿನ್ನ ಅಥವಾ ಕೆಂಪು ಬಣ್ಣದ ದುಬಾರಿ ಮೀನು, ಅಳಿವಿನಂಚಿನದು. ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ. ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಾದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಈ ಒಪ್ಪಂದದ ಪಟ್ಟಿಯ ಜೀವಿಗಳನ್ನು ಸಾಕುವವರು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. "ಪೇಪರ್ ಇಲ್ಲದೆ ಕಡಿಮೆಗೆ ಕೊಡುತ್ತೇವೆ" ಎಂದರೆ ಅಲ್ಲಿಂದ ಎದ್ದು ಬನ್ನಿ. ಸಾಮಾನ್ಯವಾಗಿ ಸಿಗುವ ಬೆಳ್ಳಿ ಅರೋವಾನಾ ದಕ್ಷಿಣ ಅಮೆರಿಕದ್ದು, ಆ ಪಟ್ಟಿಯಲ್ಲಿಲ್ಲ. ಆದರೆ ಅದೂ 90 ಸೆಂಟಿಮೀಟರ್ ಬೆಳೆಯುತ್ತದೆ, ಮರದ ಕೊಂಬೆಯ ಮೇಲಿನ ಹುಳುವಿಗಾಗಿ ನೀರಿನಿಂದ ಮೇಲಕ್ಕೆ ಜಿಗಿಯುವ ಜಾತಿ. ಬೆಳಿಗ್ಗೆ ಎದ್ದು ನೋಡಿದರೆ ಸೋಫಾ ಹಿಂದೆ ಒಣಗಿ ಬಿದ್ದಿರುವ ಅರೋವಾನಾಗಳ ಕತೆ ಈ ಹವ್ಯಾಸದವರಿಗೆ ಹೊಸದಲ್ಲ.

ಹಣೆಯ ಮೇಲೆ ದೊಡ್ಡ ಬುರುಡೆ ಹೊತ್ತ ಫ್ಲವರ್‌ಹಾರ್ನ್ ಬಗ್ಗೆಯೂ ಇಂಥದ್ದೇ ಮಾತು. ಇದು ಯಾವ ನದಿಯ ಮೀನೂ ಅಲ್ಲ. ಮಧ್ಯ ಅಮೆರಿಕದ ಸಿಕ್ಲಿಡ್ ಜಾತಿಗಳನ್ನು ಬೆರೆಸಿ 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಮಾಡಿದ ತಳಿ. ಮೈಮೇಲಿನ ಕಪ್ಪು ಚುಕ್ಕೆಗಳಲ್ಲಿ ಲಾಟರಿ ನಂಬರ್ ಹುಡುಕುವವರಿದ್ದಾರೆ. ಸಾಕುವುದಾದರೆ ಸಾಕಿ, ಗಟ್ಟಿ ಮೀನು, ಮಾಲೀಕರನ್ನು ಗುರುತಿಸುತ್ತದೆ. ಆದರೆ ಒಂಟಿಯಾಗಿ, ಕನಿಷ್ಠ ನಾಲ್ಕಡಿ ತೊಟ್ಟಿಯಲ್ಲಿ. ಜೊತೆಗೆ ಯಾರನ್ನು ಬಿಟ್ಟರೂ ಜಗಳ ಖಚಿತ.

ಹಾಗಾದರೆ ಯಾವುದನ್ನು ತರಬಹುದು?

ಇಲ್ಲಿ ಮೀನಿನಿಂದಲ್ಲ, ತೊಟ್ಟಿಯಿಂದ ಶುರುಮಾಡಿ. ನಮ್ಮಲ್ಲಿ ತೊಟ್ಟಿಗಳು ಅಡಿ ಲೆಕ್ಕದಲ್ಲಿ ಸಿಗುತ್ತವೆ. 2×1×1 ಅಡಿ ತೊಟ್ಟಿ ಅಂದರೆ ಸುಮಾರು 56 ಲೀಟರ್. 4×1.5×1.5 ಅಡಿ ಸುಮಾರು 255 ಲೀಟರ್. 6×2×2 ಅಡಿ ಸುಮಾರು 680 ಲೀಟರ್. ಒಂದು ಲೀಟರ್ ನೀರು ಒಂದು ಕಿಲೋ. ಗಾಜು, ಮರಳು, ಸ್ಟ್ಯಾಂಡ್ ಸೇರಿದರೆ ನಾಲ್ಕಡಿ ತೊಟ್ಟಿಯೇ 300 ಕಿಲೋ ಆಸುಪಾಸು. ಬಾಡಿಗೆ ಮನೆಯ ಮೂರನೇ ಮಹಡಿಯಲ್ಲಿ ಆರಡಿ ತೊಟ್ಟಿ ಇಡುವ ಮುನ್ನ ಮನೆ ಮಾಲೀಕರನ್ನಷ್ಟೇ ಅಲ್ಲ, ಕಟ್ಟಡದ ಬಗ್ಗೆ ತಿಳಿದವರನ್ನೂ ಒಂದು ಮಾತು ಕೇಳಿ.

ಎರಡಡಿ ತೊಟ್ಟಿ ಮಾತ್ರ ಇಡಲು ಸಾಧ್ಯ ಎನ್ನುವವರು ಬೇಸರಪಡಬೇಕಿಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಚಂದದ ಬೇಟೆ ಮೀನು ಇರುವುದು ಅದೇ ಅಳತೆಯಲ್ಲಿ, ಅದೂ ನಮ್ಮದೇ ಪಶ್ಚಿಮ ಘಟ್ಟದ್ದು: ಬಟಾಣಿ ಪಫರ್. ಪೂರ್ತಿ ಬೆಳೆದರೂ ಮೂರೂವರೆ ಸೆಂಟಿಮೀಟರ್ ದಾಟುವುದಿಲ್ಲ. ಕೇರಳ ಮತ್ತು ದಕ್ಷಿಣ ಕರ್ನಾಟಕದ ನದಿಗಳಲ್ಲಿ ಮಾತ್ರ ಇರುವ ಸಿಹಿನೀರಿನ ಮೀನು, ಹಾಗಾಗಿ ಇದಕ್ಕೆ ಉಪ್ಪು ಹಾಕಬೇಕು ಎಂಬ ಸಲಹೆಯನ್ನು ಮರೆತುಬಿಡಿ. ಎರಡು ಕಣ್ಣನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸುತ್ತಾ, ಗಿಡದ ಎಲೆಯ ಕೆಳಗೆ ಬಸವನಹುಳುವನ್ನು ಹುಡುಕಿ, ಕ್ಷಣ ನಿಂತು, ಟಕ್ಕನೆ ಕಚ್ಚುತ್ತದೆ. ಹುಲಿಯ ಬೇಟೆಯನ್ನು ಅಂಗೈ ಅಗಲದಲ್ಲಿ ನೋಡಿದ ಹಾಗೆ. ತೊಟ್ಟಿ ತುಂಬ ಗಿಡವಿದ್ದರೆ ನಾಲ್ಕೈದು ಮೀನು ಒಟ್ಟಿಗೆ ಇರಬಲ್ಲವು. ಬೇರೆ ಜಾತಿಯ ಮೀನು ಬೇಡ, ಅದರಲ್ಲೂ ಗಪ್ಪಿಯಂಥ ಉದ್ದ ರೆಕ್ಕೆಯವು ಬೇಡ, ಚಿಂದಿ ಮಾಡುತ್ತವೆ. ಒಣ ಕಾಳು ಆಹಾರವನ್ನು ಹೆಚ್ಚಾಗಿ ಮುಟ್ಟುವುದಿಲ್ಲ. ಚಿಕ್ಕ ಬಸವನಹುಳು, ಫ್ರೀಜ್ ಮಾಡಿದ ಬ್ಲಡ್‌ವರ್ಮ್, ಸೊಳ್ಳೆ ಮರಿ ಬೇಕು. ಉಬ್ಬುವುದನ್ನು ನೋಡಲೆಂದು ಕೈಯಿಂದ ಹೆದರಿಸಬೇಡಿ, ಅದಕ್ಕದು ಪ್ರಾಣಸಂಕಟ.

ಒಂದು ಮುಖ್ಯ ಮಾತು. ಈ ಪುಟ್ಟ ಮೀನು ಅಪಾಯಕ್ಕೊಳಗಾದ ಜೀವಿಗಳ ಐಯುಸಿಎನ್ ಪಟ್ಟಿಯಲ್ಲಿದೆ, ಮತ್ತು ಅಕ್ವೇರಿಯಂ ವ್ಯಾಪಾರಕ್ಕಾಗಿ ಹೊಳೆಯಿಂದ ಹಿಡಿಯುವುದೂ ಅದಕ್ಕೊಂದು ಕಾರಣ. ತೊಟ್ಟಿಯಲ್ಲಿ ಇದು ಮರಿ ಮಾಡುತ್ತದೆ, ಹಾಗೆ ಬೆಳೆಸಿದ ಮರಿಗಳು ಸಿಗುತ್ತವೆ. ಅವನ್ನೇ ಕೇಳಿ ತನ್ನಿ. ಘಟ್ಟದ ಹೊಳೆಯಲ್ಲಿ ನೀವೇ ಬಲೆ ಹಾಕಲು ಹೋಗಬೇಡಿ.

ಮೂರಡಿ ತೊಟ್ಟಿ ಇದ್ದರೆ ಕುಳ್ಳ ಹಾವುತಲೆ ಮೀನು ಒಳ್ಳೆಯ ಆಯ್ಕೆ. ಕೊರವ, ಮುರೆಲ್ ಎಂದೆಲ್ಲ ಕರೆಯುವ ಮೀನುಗಳ ಗುಂಪಿನ ಚಿಕ್ಕ ಸದಸ್ಯ ಇದು. ಭಾರತದುದ್ದಕ್ಕೂ ತೊರೆ, ಗದ್ದೆ ಕಾಲುವೆಗಳಲ್ಲಿದೆ. ಸುಮಾರು 20 ಸೆಂಟಿಮೀಟರ್ ಬೆಳೆಯುತ್ತದೆ. ನೀರಿನ ಮೇಲೆ ಬಂದು ನೇರವಾಗಿ ಗಾಳಿ ಸೇವಿಸುತ್ತದೆ, ಆದ್ದರಿಂದ ಮುಚ್ಚಳ ಮತ್ತು ನೀರಿನ ನಡುವೆ ಒಂದೆರಡು ಇಂಚು ಜಾಗ ಬಿಡಬೇಕು. ಮುಚ್ಚಳವಂತೂ ಬಿಗಿಯಾಗಿ ಇರಲೇಬೇಕು. ಫಿಲ್ಟರ್ ವೈರಿಗೆ ಬಿಟ್ಟ ಸಂದಿಯಲ್ಲೂ ನುಸುಳುತ್ತದೆ. ಗಂಡು ಮೀನು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಕಾಪಾಡುತ್ತದೆ, ಆ ದಿನಗಳಲ್ಲಿ ಊಟ ಬಿಡುತ್ತದೆ. ಇದರ ತಾಕತ್ತು ನೋಡಿ ಇದೇ ಗುಂಪಿನ ದೊಡ್ಡಣ್ಣಂದಿರ ಮರಿ ತರಬೇಡಿ. ಅವು ಒಂದು ಮೀಟರ್ ಕಡೆಗೆ ಹೋಗುವ ಜಾತಿಗಳು.

ಅಷ್ಟೇ ಜಾಗದಲ್ಲಿ ಆಫ್ರಿಕಾದ ಬಟರ್‌ಫ್ಲೈ ಮೀನೂ ಬದುಕುತ್ತದೆ. ಒಣ ಎಲೆಯಂತೆ ನೀರಿನ ಮೇಲ್ಪದರದಲ್ಲಿ ತೇಲುತ್ತಾ ಬಿದ್ದ ಹುಳುವನ್ನು ಹಿಡಿಯುತ್ತದೆ. 12-13 ಸೆಂಟಿಮೀಟರ್ ಅಷ್ಟೇ. ನೀರಿನ ಸೆಳೆತ ಕಡಿಮೆ ಇರಬೇಕು, ಮುಚ್ಚಳ ಬೇಕು.

ನಾಲ್ಕಡಿ ತೊಟ್ಟಿಯವರಿಗೆ ಜಾಕ್ ಡೆಂಪ್ಸಿ ಇದೆ. 1920ರ ದಶಕದ ಹೆವಿವೇಟ್ ಬಾಕ್ಸರ್ ಹೆಸರು ಇದಕ್ಕೆ ಬಂದಿರುವುದು ಇದರ ಮುಖ ಮತ್ತು ಮುಂಗೋಪ ನೋಡಿಯೇ. 20-25 ಸೆಂಟಿಮೀಟರ್, ಕಪ್ಪು ಮೈಮೇಲೆ ನೀಲಿ ಮಿಂಚು. ಒಂದು ಸಾಕು.

ಇನ್ನು ಮೊದಲ ವಿಡಿಯೊದ ನಾಯಕ ಆಸ್ಕರ್. 30 ಸೆಂಟಿಮೀಟರ್ ಆಸುಪಾಸು ಬೆಳೆಯುತ್ತದೆ, ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ. ಊಟ ಹಾಕುವವರನ್ನು ಗುರುತಿಸಿ ಗಾಜಿನ ಬಳಿ ಬಂದು ನಾಯಿಮರಿಯಂತೆ ಬಾಲ ಅಲ್ಲಾಡಿಸುತ್ತದೆ. ಒಂದು ಆಸ್ಕರ್‌ಗೆ ನಾಲ್ಕಡಿ ತೊಟ್ಟಿ ಕನಿಷ್ಠ, ಜೋಡಿಗೆ ಆರಡಿ. ಪರಿಚಯದವರೊಬ್ಬರ ಮನೆಯಲ್ಲಿ ಎರಡಡಿ ತೊಟ್ಟಿಯಲ್ಲಿ ಎರಡು ಆಸ್ಕರ್ ನೋಡಿದ್ದೆ. ಅವು ತಿರುಗಬೇಕಾದರೆ ಒಂದು ಹಿಂದೆ ಸರಿದು ಇನ್ನೊಂದಕ್ಕೆ ದಾರಿ ಬಿಡಬೇಕಿತ್ತು. ಮನೆಯವರು ಅದನ್ನು "ಎಷ್ಟು ಪ್ರೀತಿ ನೋಡಿ" ಎಂದು ತೋರಿಸುತ್ತಿದ್ದರು. ಆಸ್ಕರ್ ತೊಟ್ಟಿಗೆ ಗಿಡ ನೆಟ್ಟರೆ ಕಿತ್ತು ಹಾಕುತ್ತದೆ, ಗಾಜಿನ ಹೀಟರ್ ಒಡೆದು ಹಾಕುವುದೂ ಉಂಟು. ಹೀಟರ್‌ಗೆ ಪ್ಲಾಸ್ಟಿಕ್ ಕವಚ ಹಾಕಿಸಿ. ಬೆಂಗಳೂರು, ಮಡಿಕೇರಿ ಕಡೆಯ ಚಳಿಗಾಲದ ರಾತ್ರಿಗಳಿಗೆ ಹೀಟರ್ ಬೇಕೇ ಬೇಕು, ಆಸ್ಕರ್‌ಗೆ 24ರಿಂದ 28 ಡಿಗ್ರಿ ನೀರು ಹಿತ.

ಜೊತೆಗೆ ಬೇರೆ ಮೀನು ಬಿಡಬಹುದೇ ಎಂದು ಎಲ್ಲರೂ ಕೇಳುತ್ತಾರೆ. ನಿಯಮ ಒಂದೇ: ಬಾಯಿಗೆ ಹಿಡಿಯುವಷ್ಟು ಚಿಕ್ಕದಿದ್ದರೆ ಅದು ಜೊತೆಗಾರನಲ್ಲ, ಊಟ. ಇವತ್ತು ಹಿಡಿಯದಿದ್ದರೂ ಮೂರು ತಿಂಗಳ ಬಳಿಕ ಹಿಡಿಯುತ್ತದೆ.

ಗೋಲ್ಡ್‌ಫಿಶ್ ತಿನ್ನಿಸಬೇಕೇ?

ಬೇಡ. ಇದು ಕರುಣೆಯ ಮಾತು ಮಾತ್ರವಲ್ಲ. ಗೋಲ್ಡ್‌ಫಿಶ್ ಮತ್ತು ಅದರ ಕಾರ್ಪ್ ಬಳಗದ ಹಲವು ಮೀನುಗಳ ಮೈಯಲ್ಲಿ ಥಯಾಮಿನೇಸ್ ಎಂಬ ಕಿಣ್ವ ಇರುತ್ತದೆ. ಅದು ಥಯಾಮಿನ್, ಅಂದರೆ ಬಿ1 ವಿಟಮಿನ್ ಅನ್ನು ಒಡೆದು ಹಾಕುತ್ತದೆ. ದಿನವೂ ಅದನ್ನೇ ತಿಂದ ಬೇಟೆ ಮೀನಿಗೆ ಹೊಟ್ಟೆ ತುಂಬಿರುತ್ತದೆ, ಆದರೆ ನರಗಳು ಸೊರಗುತ್ತವೆ. ಸಮತೋಲನ ತಪ್ಪಿ ಓರೆಯಾಗಿ ಈಜುವುದು, ಊಟ ಬಿಡುವುದು ಹೀಗೆ ಶುರುವಾಗುತ್ತದೆ. ಫ್ರೀಜರ್‌ನಲ್ಲಿ ಇಟ್ಟು ಕೊಟ್ಟರೂ ಈ ಕಿಣ್ವ ಹೋಗುವುದಿಲ್ಲ. ಜೊತೆಗೆ ಅಂಗಡಿಯಲ್ಲಿ ಒಂದೇ ತೊಟ್ಟಿಗೆ ನೂರಾರು ತುಂಬಿಟ್ಟ ಅಗ್ಗದ ಗೋಲ್ಡ್‌ಫಿಶ್‌ಗಳು ರೋಗ, ಪರಾವಲಂಬಿಗಳನ್ನು ಪ್ಯಾಕೆಟ್ ಸಮೇತ ಮನೆಗೆ ತರುತ್ತವೆ.

ಕೋಳಿ ಲಿವರ್, ಕುರಿ ಹೃದಯ ಕೊಟ್ಟರೆ ಬೇಗ ಬೆಳೆಯುತ್ತದೆ ಎನ್ನುವವರಿದ್ದಾರೆ. ಕೋಳಿ-ಕುರಿಯ ಕೊಬ್ಬು ನದಿ ಮೀನಿನ ಊಟವಲ್ಲ. ದಿನವೂ ಕೊಟ್ಟರೆ ಯಕೃತ್ತಿನ ಸುತ್ತ ಕೊಬ್ಬು ಸೇರುತ್ತದೆ, ನೀರೂ ಕೆಡುತ್ತದೆ. ಒಳ್ಳೆಯ ಕಂಪನಿಯ ಮುಳುಗುವ ಅಥವಾ ತೇಲುವ ಪೆಲೆಟ್ ಮುಖ್ಯ ಊಟವಾಗಲಿ. ಮೇಲೆ ಸಿಗಡಿ, ತಿಲಾಪಿಯಾ ಮೀನಿನ ತುಂಡು, ರಾಸಾಯನಿಕ ಹಾಕದ ಮಣ್ಣಿನ ಎರೆಹುಳು ಬದಲಿಸಿ ಬದಲಿಸಿ ಕೊಡಿ. ಚರಂಡಿಯಿಂದ ಹಿಡಿದ ಟ್ಯೂಬಿಫೆಕ್ಸ್ ಹುಳು ಬೇಡ. ಮೀನು ಬೆಳೆದ ಮೇಲೆ ವಾರಕ್ಕೆ ಮೂರು-ನಾಲ್ಕು ಸಲ ಸಾಕು. ಅದು ಭಿಕ್ಷೆ ಬೇಡುವಂತೆ ನೋಡುತ್ತದೆ, ಕರಗಬೇಡಿ.

ನೀರಿನ ವಿಷಯ, ಚುಟುಕಾಗಿ

ತೊಟ್ಟಿ ತಂದ ದಿನವೇ ಮೀನು ಬಿಡಬೇಡಿ. ಅಮೋನಿಯಾವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅವಕ್ಕೂ ಆಹಾರ ಬೇಕು, ಹಾಗಾಗಿ ಫಿಲ್ಟರ್ ಓಡಿಸುತ್ತಾ ದಿನವೂ ಚಿಟಿಕೆ ಮೀನಿನ ಆಹಾರ ಹಾಕುತ್ತಿರಿ. ಅಂಗಡಿಯಲ್ಲಿ ಸಿಗುವ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಮೀನು ತನ್ನಿ. ನಲ್ಲಿ ನೀರನ್ನು ಆ್ಯಂಟಿ-ಕ್ಲೋರಿನ್ ಹಾಕಿಯೇ ಬಳಸಿ. ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸಿ. ಫಿಲ್ಟರ್ ಸ್ಪಂಜನ್ನು ನಲ್ಲಿಯ ಕೆಳಗಿಟ್ಟು ಫಳಫಳ ತೊಳೆದರೆ ಬ್ಯಾಕ್ಟೀರಿಯಾ ಎಲ್ಲ ಹೋಗುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ಹಾಕಿ. ಕರೆಂಟ್ ಹೋಗುವ ಊರಾದರೆ ಬ್ಯಾಟರಿ ಏರ್ ಪಂಪ್ ಒಂದು ಇರಲಿ.

ಕೆರೆಗೆ ಬಿಟ್ಟರೆ ಪುಣ್ಯವೇ?

ಮೀನು ದೊಡ್ಡದಾಯಿತು, ಸಾಯಿಸಲು ಮನಸ್ಸಿಲ್ಲ, ಹತ್ತಿರದ ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ಬಿಟ್ಟು ಕೈಮುಗಿದು ಬಂದೆವು. ಪುಣ್ಯದ ಕೆಲಸದಂತೆ ಕಾಣುತ್ತದೆ. ಅಲ್ಲಿರುವ ಊರ ಮೀನುಗಳಿಗೆ ಅದು ಯಾವ ಪುಣ್ಯವೂ ಅಲ್ಲ. ಹೊರಗಿನ ಬೇಟೆ ಮೀನನ್ನು ಅವು ಎಂದೂ ಕಂಡಿಲ್ಲ, ತಪ್ಪಿಸಿಕೊಳ್ಳುವುದು ಗೊತ್ತಿಲ್ಲ. ಬಂದವನನ್ನು ಹಿಡಿದು ತಿನ್ನುವ ಪ್ರಾಣಿಯೂ ಅಲ್ಲಿ ಇರುವುದಿಲ್ಲ.

2023ರ ಮೇ ತಿಂಗಳಲ್ಲಿ ಶ್ರೀನಗರದ ದಾಲ್ ಸರೋವರ ಸ್ವಚ್ಛ ಮಾಡುವಾಗ ಒಂದು ಅಲಿಗೇಟರ್ ಗಾರ್ ಸಿಕ್ಕಿತು. ಅದೇ ವರ್ಷ ಭೋಪಾಲದ ದೊಡ್ಡ ಕೆರೆಯಲ್ಲೂ ಸಿಕ್ಕಿತ್ತು. ಮಿಸಿಸಿಪ್ಪಿಯಿಂದ ಈಜಿಕೊಂಡು ಯಾವ ಮೀನೂ ಕಾಶ್ಮೀರಕ್ಕೆ ಬರುವುದಿಲ್ಲ. ಬೆಂಗಳೂರಿನ ಕೆರೆಗಳಲ್ಲಿ ಬಲೆ ಹಾಕುವವರನ್ನು ಕೇಳಿ. ಮುಳ್ಳುಮೈಯ ಕಪ್ಪು "ಸಕ್ಕರ್" ಮೀನು ಸಿಕ್ಕಿ ಬಲೆ ಹರಿಯುವುದನ್ನು ಹೇಳುತ್ತಾರೆ. ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುತ್ತದೆ ಎಂದು ನಾವೆಲ್ಲ ಮನೆಗೆ ತರುತ್ತಿದ್ದ ದಕ್ಷಿಣ ಅಮೆರಿಕದ ಮೀನೇ ಅದು. ಬೇಟೆ ಮೀನಲ್ಲದ ಸಕ್ಕರ್‌ನಿಂದಲೇ ಇಷ್ಟು ಕಾಟ. ನೆಲದ ಮೇಲೂ ತೆವಳಿ ಕೆರೆಯಿಂದ ಕೆರೆಗೆ ಹೋಗಬಲ್ಲ, ಸಿಕ್ಕಿದ್ದನ್ನೆಲ್ಲ ತಿನ್ನುವ ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಸರ್ಕಾರ ನಿಷೇಧಿಸಿರುವುದು ಸುಮ್ಮನೆ ಅಲ್ಲ. ಅದರ ಬಿಳಿ ಮರಿಗಳನ್ನು ಅಲಂಕಾರಕ್ಕೆಂದು ಯಾರಾದರೂ ಕೊಟ್ಟರೂ ಬೇಡ ಎನ್ನಿ.

ಈಗಾಗಲೇ ಮನೆಯಲ್ಲಿ ಮೀನು ತೊಟ್ಟಿ ಮೀರಿ ಬೆಳೆದಿದ್ದರೆ ಮೊದಲು ತಂದ ಅಂಗಡಿಯನ್ನೇ ಕೇಳಿ. ದುಡ್ಡು ವಾಪಸ್ ಸಿಗದಿದ್ದರೂ ದೊಡ್ಡ ಆಸ್ಕರ್, ಅರೋವಾನಾಗಳನ್ನು ಹಲವರು ತೆಗೆದುಕೊಳ್ಳುತ್ತಾರೆ. ಊರೂರಿನ ಅಕ್ವೇರಿಯಂ ಹವ್ಯಾಸಿಗಳ ಗುಂಪುಗಳು ಫೇಸ್‌ಬುಕ್, ವಾಟ್ಸ್ಆ್ಯಪ್‌ನಲ್ಲಿವೆ. "ಉಚಿತವಾಗಿ ಕೊಡುತ್ತೇನೆ, ತೊಟ್ಟಿಯ ಫೋಟೊ ಕಳಿಸಿ" ಎಂದು ಹಾಕಿ. ಫೋಟೊ ಕೇಳುವುದನ್ನು ಮರೆಯಬೇಡಿ, ಇಲ್ಲದಿದ್ದರೆ ನಿಮ್ಮ ಮೀನು ಇನ್ನೊಂದು ಎರಡಡಿ ತೊಟ್ಟಿಗೆ ಹೋಗುತ್ತದೆ. ಯಾರೂ ಸಿಗದಿದ್ದರೆ, ಮೀನು ನರಳುತ್ತಿದ್ದರೆ, ನೋವಿಲ್ಲದೆ ಕೊನೆಗಾಣಿಸುವ ಬಗ್ಗೆ ಪಶುವೈದ್ಯರನ್ನು ಕೇಳಿ. ಕೆರೆಗೆ ಬಿಡುವುದಕ್ಕಿಂತ ಅದು ಮೇಲು. ಸತ್ತ ಮೀನನ್ನು ಕೂಡ ಚರಂಡಿ, ಹೊಳೆಗೆ ಎಸೆಯದೆ ಮಣ್ಣಿನಲ್ಲಿ ಹೂಳಿ. ತೊಟ್ಟಿಯ ನೀರನ್ನು ಹೂಕುಂಡಗಳಿಗೆ ಹಾಕಿ. ನೈಟ್ರೇಟ್ ಇರುವ ಆ ನೀರು ಮಲ್ಲಿಗೆ, ಕರಿಬೇವಿನ ಗಿಡಗಳಿಗೆ ಚೆನ್ನಾಗಿ ಹಿಡಿಸುತ್ತದೆ.